ರಾಧೆ ಮುನಿದರೆ ಕಾವ್ಯ, ಗಣಿಕೆ ಬರೆದರೆ ಅಶ್ಲೀಲ?

1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆಯಿಂದ ಒಂದು ತೆಲುಗು ಕಾವ್ಯ ಅಚ್ಚಾಗಿ ಹೊರಬಂತು. ಹೆಸರು ‘ರಾಧಿಕಾ ಸಾಂತ್ವನಮು’. ಬರೆದವಳು ಮುದ್ದುಪಳನಿ, ಹದಿನೆಂಟನೇ ಶತಮಾನದ ತಂಜಾವೂರಿನ ಆಸ್ಥಾನ ಗಣಿಕೆ. ಸಂಪಾದಿಸಿ ಮುನ್ನುಡಿ ಬರೆದವರು ಬೆಂಗಳೂರು ನಾಗರತ್ನಮ್ಮ, ನಮ್ಮ ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳಗಿ, ಮದರಾಸಿನಲ್ಲಿ ನೆಲೆ ನಿಂತ ಸಂಗೀತ ವಿದುಷಿ. ಮರುವರ್ಷವೇ ಪೊಲೀಸರು ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡರು. ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ಸಾರಿತು. ಆ ಮುದ್ರೆ ಅಳಿಯಲು 1947ರವರೆಗೆ ಕಾಯಬೇಕಾಯಿತು.

ಶೃಂಗಾರ ಕಾವ್ಯ ನಮ್ಮ ದೇಶಕ್ಕೆ ಹೊಸತಲ್ಲ. ಸಂಸ್ಕೃತದಲ್ಲಿ, ಪ್ರಾಕೃತದಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ, ಪಾರಸಿಯಲ್ಲಿ, ದಖನಿಯಲ್ಲಿ ಅದರ ರಾಶಿಯೇ ಇದೆ. ಜಯದೇವನ ‘ಗೀತಗೋವಿಂದ’ವನ್ನು ಪುರಿಯ ಜಗನ್ನಾಥ ದೇವಾಲಯದಲ್ಲಿ ಶತಮಾನಗಳಿಂದ ಹಾಡುತ್ತ ಬಂದಿದ್ದಾರೆ. ಅಲ್ಲಿಯೂ ರಾಧೆ, ಕೃಷ್ಣ. ಅಲ್ಲಿಯೂ ಮುನಿಸು, ವಿರಹ, ಸಮಾಗಮ. ಹಾಗಿರುವಾಗ ಅದೇ ರಾಧೆಯ ಮುನಿಸನ್ನು ಒಬ್ಬ ಹೆಣ್ಣು ಬರೆದಾಗ ಮಾತ್ರ ಪೊಲೀಸರು ಬರಬೇಕಾದದ್ದು ಏಕೆ? ಈ ಪ್ರಶ್ನೆ ಸಾಹಿತ್ಯಕ್ಕೆ ಮಾತ್ರ ಸೇರಿದ್ದಲ್ಲ. ಯಾರ ಬಾಯಿಂದ ಯಾವ ಮಾತು ಬರಬಹುದು ಎಂದು ಒಂದು ಸಮಾಜ ಹೇಗೆ ತೀರ್ಮಾನಿಸುತ್ತದೆ ಎಂಬುದರ ಚರಿತ್ರೆ ಅದರೊಳಗಿದೆ.

ಮೊದಲೇ ಹೇಳಿಬಿಡುತ್ತೇವೆ. ಈ ಕಾವ್ಯವನ್ನು ಇಂಗ್ಲಿಷ್ ಅನುವಾದದ ಮೂಲಕ ಓದಿದ ನಮಗೆ ಅದು ಪೂರ್ತಿ ಹಿಡಿಸಲೂ ಇಲ್ಲ, ಅದನ್ನು ತಳ್ಳಿಹಾಕಲೂ ಆಗಲಿಲ್ಲ. ಕೆಲವು ಕಡೆ ಬೆರಗಾದೆವು, ಕೆಲವು ಕಡೆ ಮುಜುಗರಪಟ್ಟೆವು. ಈ ಎರಡನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ತಂಜಾವೂರಿನ ಕವಯಿತ್ರಿ

ತಂಜಾವೂರು ತಮಿಳು ನಾಡಿನ ನಡುವಿದ್ದರೂ ನಾಯಕ ಅರಸರ ಕಾಲದಲ್ಲಿ ಅಲ್ಲಿನ ಆಸ್ಥಾನದ ಸಾಹಿತ್ಯ ಭಾಷೆ ತೆಲುಗಾಗಿತ್ತು. ನಾಯಕರ ನಂತರ ಬಂದ ಮರಾಠ ದೊರೆಗಳೂ ತೆಲುಗನ್ನು ಕೈಬಿಡಲಿಲ್ಲ. ಆ ಆಸ್ಥಾನದಲ್ಲಿ ಹೆಂಗಸರು ಬರೆಯುವುದು ವಿಶೇಷವೂ ಆಗಿರಲಿಲ್ಲ. ಹದಿನೇಳನೇ ಶತಮಾನದಲ್ಲೇ ರಾಮಭದ್ರಾಂಬೆ ಸಂಸ್ಕೃತದಲ್ಲಿ, ರಂಗಾಜಮ್ಮ ತೆಲುಗಿನಲ್ಲಿ ಕಾವ್ಯ ಬರೆದಿದ್ದರು. 1739ರಿಂದ 1763ರವರೆಗೆ ಆಳಿದ ಮರಾಠ ದೊರೆ ಪ್ರತಾಪಸಿಂಹನ ಕಾಲಕ್ಕೆ ಸೇರಿದವಳು ಮುದ್ದುಪಳನಿ. ಸಂಗೀತ, ನೃತ್ಯ, ಸಾಹಿತ್ಯ ಮೂರರಲ್ಲೂ ಪಳಗಿದವಳು. ಆಂಡಾಳಳ ‘ತಿರುಪ್ಪಾವೈ’ಯನ್ನು ತೆಲುಗಿಗೆ ತಂದವಳೂ ಅವಳೇ.

ಸಾಮಾನ್ಯವಾಗಿ ನಮ್ಮ ಹಳೆಯ ಕವಿಗಳು ಕಾವ್ಯದ ಆರಂಭದಲ್ಲಿ ತಂದೆ, ತಾತ, ಮುತ್ತಾತರ ಹೆಸರು ಹೇಳುತ್ತಾರೆ. ಮುದ್ದುಪಳನಿ ತನ್ನ ವಿದ್ಯೆಯ ಬೇರನ್ನು ಅಜ್ಜಿ ತಂಜನಾಯಕಿಯಲ್ಲಿ ಕಾಣುತ್ತಾಳೆ. ತನ್ನ ಪಾಂಡಿತ್ಯದ ಬಗ್ಗೆ, ತನಗೆ ಸಿಕ್ಕ ಗೌರವದ ಬಗ್ಗೆ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಾಳೆ. ಈ ಮುನ್ನುಡಿಯ ಪದ್ಯಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕತ್ತರಿ ಬಿದ್ದದ್ದು ಶೃಂಗಾರಕ್ಕೆ ಮಾತ್ರವಲ್ಲ, ಇವುಗಳಿಗೂ.

ಕಾವ್ಯದಲ್ಲಿ 584 ಪದ್ಯಗಳಿವೆ, ನಾಲ್ಕು ಭಾಗಗಳಿವೆ. ಶುಕ ಮುನಿ ಜನಕ ರಾಜನಿಗೆ ಕಥೆ ಹೇಳುವುದು ಅದರ ಚೌಕಟ್ಟು. ಕಥೆ ಸಣ್ಣದು. ರಾಧೆ ತಾನೇ ಸಾಕಿ ಬೆಳೆಸಿದ ಇಳಾದೇವಿಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಹೊಸ ಬದುಕಿಗೆ ಕಾಲಿಡುವ ಮದುಮಗಳಿಗೂ ಬುದ್ಧಿ ಹೇಳುತ್ತಾಳೆ, ಮದುಮಗನಿಗೂ ಹೇಳುತ್ತಾಳೆ. ಆಮೇಲೆ ಒಬ್ಬಳೇ ಕುಳಿತಾಗ ಅವಳಿಗೆ ತಾನು ಮಾಡಿದ್ದೇನೆಂದು ತಿಳಿಯುತ್ತದೆ. ಕೃಷ್ಣ ಅತ್ತ ಮುಖ ಹಾಕುವುದಿಲ್ಲ. ರಾಧೆ ಸುಡುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ. ಕೊನೆಗೆ ಕೃಷ್ಣ ಬಂದು ಅವಳನ್ನು ಸಂತೈಸಬೇಕಾಗುತ್ತದೆ. ಕಾವ್ಯದ ಹೆಸರು ಅಲ್ಲಿಂದಲೇ ಬಂದದ್ದು.

ನಮಗೆ ಹಿಡಿಸಿದ್ದು, ಹಿಡಿಸದ್ದು

ನಮ್ಮನ್ನು ಬೆರಗುಗೊಳಿಸಿದ್ದು ಶೃಂಗಾರದ ವರ್ಣನೆಯಲ್ಲ. ಅಂಥ ವರ್ಣನೆ ಆ ಕಾಲದ ಪ್ರಬಂಧ ಕಾವ್ಯಗಳಲ್ಲಿ ಬೇಕಾದಷ್ಟಿದೆ. ಬೆರಗು ಹುಟ್ಟಿಸಿದ್ದು ರಾಧೆಯ ವಯಸ್ಸು ಮತ್ತು ಅವಳ ಸ್ಥಿತಿ. ಇಲ್ಲಿನ ರಾಧೆ ಹದಿಹರೆಯದ ವಿರಹಿಣಿಯಲ್ಲ, ಯೌವನ ಜಾರುತ್ತಿರುವ ಹೆಂಗಸು. ತನ್ನ ಜಾಗಕ್ಕೆ ಇನ್ನೊಬ್ಬಳನ್ನು ತಾನೇ ಕರೆತಂದು ಕೂರಿಸಿ, ನಂತರ ಆ ಜಾಗದ ಬೆಲೆ ತಿಳಿದವಳು. ಅವಳಿಗೆ ಇಳೆಯ ಮೇಲೆ ಪ್ರೀತಿಯೂ ಇದೆ, ಹೊಟ್ಟೆಕಿಚ್ಚೂ ಇದೆ. ಎರಡೂ ಒಂದೇ ಎದೆಯಲ್ಲಿರುವುದನ್ನು ಮುದ್ದುಪಳನಿ ಮುಚ್ಚಿಡುವುದಿಲ್ಲ. ಆಸ್ಥಾನಗಳಲ್ಲಿ, ಅಂತಃಪುರಗಳಲ್ಲಿ, ಬಹುಪತ್ನಿತ್ವದ ಮನೆಗಳಲ್ಲಿ ಎಷ್ಟು ಹೆಂಗಸರು ಈ ಸಂಕಟವನ್ನು ನುಂಗಿಕೊಂಡು ಸತ್ತಿರಬಹುದು! ಅದಕ್ಕೆ ಮಾತು ಕೊಟ್ಟವರು ಕಡಿಮೆ.

ಇನ್ನೊಂದು ಸಂಗತಿ. ಹೆಣ್ಣಿನ ದನಿಯಲ್ಲಿ ಗಂಡಸರು ಬರೆದ ಶೃಂಗಾರ ನಮ್ಮಲ್ಲಿ ಧಾರಾಳವಾಗಿದೆ. ಕ್ಷೇತ್ರಯ್ಯನ ಪದಗಳು ಹಾಗೆ ಬರೆದವೇ. ಬಿಜಾಪುರದ ಆದಿಲ್‌ಶಾಹಿ ಕಾಲದ ದಖನಿ ಕವಿ ಹಾಶ್ಮಿ ಕೂಡ ಹೆಣ್ಣಿನ ಮಾತಿನಲ್ಲೇ ಗಜಲ್ ಬರೆದ. ಅವುಗಳಲ್ಲಿ ಸೊಗಸಿದೆ, ನಿಜ. ಆದರೆ ಅಲ್ಲಿ ಹೆಣ್ಣು ಏನು ಬಯಸುತ್ತಾಳೆಂದು ಗಂಡು ಊಹಿಸುತ್ತಾನೆ. ಮುದ್ದುಪಳನಿಯಲ್ಲಿ ಬಯಕೆಯನ್ನು ಹೇಳುವವಳೂ ಹೆಣ್ಣು, ಅದು ಈಡೇರಬೇಕೆಂದು ಕೇಳುವವಳೂ ಹೆಣ್ಣು. ಗಂಡಿನ ಸುಖವೇ ಕಾವ್ಯದ ಕೊನೆಯ ಗುರಿಯಲ್ಲ. ಈ ಅಂತರ ಸಣ್ಣದಲ್ಲ.

ಹಿಡಿಸದ್ದನ್ನೂ ಹೇಳಬೇಕು. ಮದುಮಗಳು ಇಳೆ ಆಗತಾನೆ ಮೈನೆರೆದ ಹುಡುಗಿ. ಆ ಕಾಲದ ಮದುವೆಯ ಪದ್ಧತಿ ಅದು ಎಂದು ಇತಿಹಾಸ ಹೇಳಬಹುದು. ಆದರೆ ಬಾಲ್ಯವಿವಾಹದ ನೋವನ್ನು ಕಂಡ ಇಂದಿನ ಓದುಗ ಆ ಭಾಗವನ್ನು ರಸವೆಂದು ಸವಿಯಲಾರ. ನಾವು ಅಲ್ಲಿ ಪುಟ ತಿರುವಿ ಮುಂದೆ ಹೋದೆವು. ಇನ್ನು ಎರಡನೆಯದು, ಇಷ್ಟೆಲ್ಲ ಸಿಟ್ಟಾದ ರಾಧೆ ಕೊನೆಗೆ ಸಂತೈಸುವಿಕೆಗೆ ಒಲಿದುಬಿಡುತ್ತಾಳೆ. ಇಬ್ಬರು ಹೆಂಗಸರನ್ನು ಹೀಗೆ ಎದುರುಬದುರು ನಿಲ್ಲಿಸಿದ ವ್ಯವಸ್ಥೆ ಹಾಗೇ ಉಳಿಯುತ್ತದೆ. ಕಾವ್ಯ ಅದನ್ನು ನೋಯುತ್ತ ತೋರಿಸುತ್ತದೆ, ಪ್ರಶ್ನಿಸುವುದಿಲ್ಲ. ಮುದ್ದುಪಳನಿಯನ್ನು ಇಂದಿನ ಸ್ತ್ರೀವಾದಿ ಎಂದು ಕರೆದು ಹಾರ ಹಾಕುವವರ ಜೊತೆ ನಾವು ಪೂರ್ತಿ ದನಿಗೂಡಿಸಲಾರದ್ದು ಇದೇ ಕಾರಣಕ್ಕೆ.

ಸುಧಾರಕನ ಸಿಟ್ಟು

ಈ ಕಾವ್ಯ ಅಚ್ಚಿನ ರೂಪದಲ್ಲಿ ಮೊದಲು ಬಂದದ್ದು 1887ರಲ್ಲಿ. ಆ ಆವೃತ್ತಿಯಲ್ಲಿ ಕೆಲವು ಶೃಂಗಾರ ಪದ್ಯಗಳನ್ನು ತೆಗೆಯಲಾಗಿತ್ತು. ಜೊತೆಗೆ ಮುದ್ದುಪಳನಿ ತನ್ನ ಬಗ್ಗೆ, ತನ್ನ ಮನೆತನದ ಹೆಂಗಸರ ಬಗ್ಗೆ ಹೇಳಿಕೊಂಡಿದ್ದ ಭಾಗವೂ ಮಾಯವಾಗಿತ್ತು. ಶೃಂಗಾರ ತೆಗೆದರೆ ಮಾನ ಉಳಿಯುತ್ತದೆಂಬ ವಾದವನ್ನು ಅರ್ಥ ಮಾಡಿಕೊಳ್ಳಬಹುದು. ಅಜ್ಜಿಯ ಹೆಸರು ತೆಗೆದರೆ ಯಾರ ಮಾನ ಉಳಿಯುತ್ತದೆ?

ಆಧುನಿಕ ತೆಲುಗು ಗದ್ಯದ ಪಿತಾಮಹ ಎನಿಸಿಕೊಂಡ ಕಂದುಕೂರಿ ವೀರೇಶಲಿಂಗಂ (1848-1919) ತಮ್ಮ ತೆಲುಗು ಕವಿಚರಿತ್ರೆಯಲ್ಲಿ ಮುದ್ದುಪಳನಿಯ ಬಗ್ಗೆ ಕಟುವಾಗಿ ಬರೆದರು. ಅವಳ ಕಾವ್ಯದಲ್ಲಿ ಹೆಣ್ಣಿನ ಬಾಯಿಂದ ಬರಬಾರದ, ಹೆಣ್ಣಿನ ಕಿವಿಗೆ ಬೀಳಬಾರದ ಮಾತುಗಳಿವೆ ಎಂಬುದು ಅವರ ಅಭಿಪ್ರಾಯದ ಸಾರ. ಅವಳ ಕಸುಬನ್ನೂ ಅವರು ಎತ್ತಿ ಆಡಿದರು.

ವೀರೇಶಲಿಂಗಂ ಸಣ್ಣ ಮನುಷ್ಯರಲ್ಲ. ರಾಜಮಹೇಂದ್ರಿಯಲ್ಲಿ 1881ರ ಡಿಸೆಂಬರ್‌ನಲ್ಲಿ ಊರಿನ ಬಹಿಷ್ಕಾರವನ್ನು ಎದುರಿಸಿ ವಿಧವಾ ವಿವಾಹ ಮಾಡಿಸಿದವರು. ಹೆಣ್ಣುಮಕ್ಕಳ ಶಾಲೆಗಾಗಿ ಜೀವ ತೇಯ್ದವರು. ಶ್ರೀಮಂತರ ಮನೆಗಳ ಮೇಜುವಾನಿ ಕುಣಿತವನ್ನು ಖಂಡಿಸಿದವರು. ಗೃಹಿಣಿಯನ್ನು ಓದು ಬಲ್ಲ, ಗೌರವಸ್ಥ ಹೆಣ್ಣಾಗಿ ರೂಪಿಸುವುದು ಅವರ ಕನಸು. ಆ ಕನಸಿನಲ್ಲಿ ಶತಮಾನಗಳಿಂದ ಓದು ಬಲ್ಲವಳಾಗಿದ್ದ ಗಣಿಕೆಗೆ ಜಾಗವಿರಲಿಲ್ಲ. ಒಬ್ಬಳಿಗೆ ಅಕ್ಷರ ಕೊಡುವ ಕೈಯೇ ಇನ್ನೊಬ್ಬಳ ಅಕ್ಷರವನ್ನು ಒರೆಸಲು ಹೊರಟಿತು. ಸುಧಾರಣೆಯ ಚರಿತ್ರೆಯಲ್ಲಿ ಇಂಥ ವಿಪರ್ಯಾಸಗಳು ಮತ್ತೆ ಮತ್ತೆ ಎದುರಾಗುತ್ತವೆ.

ಉರ್ದು ಸಾಹಿತ್ಯ ಬಲ್ಲ ನಮ್ಮ ಓದುಗರಿಗೆ ಇದು ಪರಿಚಿತ ಚಿತ್ರ. 1874ರ ಹೊತ್ತಿಗೆ ಬಂದ ನಜೀರ್ ಅಹ್ಮದರ ‘ತೌಬತುನ್ನಸೂಹ್’ ಕಾದಂಬರಿಯಲ್ಲಿ ಪಶ್ಚಾತ್ತಾಪಗೊಂಡ ತಂದೆ ನಸೂಹ್ ತನ್ನ ಮಗ ಕಲೀಮನ ಪುಸ್ತಕಗಳಿಗೆ ಬೆಂಕಿ ಇಡುತ್ತಾನೆ. ಸುಟ್ಟುಹೋಗುವುದು ಹಳೆಯ ಕಾವ್ಯ, ಹಳೆಯ ಕಥೆ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಹಾಲಿಯವರು ಉರ್ದು ಕಾವ್ಯವನ್ನು ನೀತಿಯ ತಕ್ಕಡಿಯಲ್ಲಿಟ್ಟು ತೂಗಿದರು. ಹೆಣ್ಣಿನ ದನಿಯ ‘ರೇಖ್ತಿ’ ಎಂಬ ಕಾವ್ಯ ಪ್ರಕಾರವನ್ನು ಮರ್ಯಾದಸ್ಥರು ಓದಬಾರದ್ದೆಂದು ಬದಿಗೆ ತಳ್ಳಲಾಯಿತು. ನಜೀರ್ ಅಹ್ಮದ್, ಹಾಲಿ, ವೀರೇಶಲಿಂಗಂ ಒಂದೇ ಯುಗದ ಮಕ್ಕಳು. 1857ರ ನಂತರ ಇಂಗ್ಲಿಷರು ನಮ್ಮನ್ನು ಹೇಗೆ ನೋಡುತ್ತಾರೆಂಬ ಅಳುಕು, ನಾವು ಸೋತದ್ದು ನಮ್ಮ ಚಪಲದಿಂದಲೇ ಇರಬಹುದೆಂಬ ಅನುಮಾನ, ಎಲ್ಲ ಸಮುದಾಯಗಳ ಸುಧಾರಕರಲ್ಲೂ ಇತ್ತು. ಅವರ ಕಾಳಜಿ ಸುಳ್ಳಲ್ಲ. ಆದರೆ ಆ ಕಾಳಜಿಯ ಬೆಂಕಿಯಲ್ಲಿ ಒಳ್ಳೆಯದೂ ಬೆಂದುಹೋಯಿತು.

ನಾಗರತ್ನಮ್ಮನ ಉತ್ತರ

ನಾಗರತ್ನಮ್ಮ 1878ರಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ಕನ್ನಡ, ತೆಲುಗು, ಸಂಸ್ಕೃತ ಮೂರನ್ನೂ ಕಲಿತು, ಸಂಗೀತದಲ್ಲಿ ಮೇಲೇರಿ, ಮದರಾಸಿನಲ್ಲಿ ಸ್ವಂತ ಮನೆ, ಸ್ವಂತ ಸಂಪಾದನೆ ಕಂಡವರು. ತಂಜಾವೂರಿನ ಕಾಲದ ಸಾಹಿತ್ಯ ಓದುವಾಗ ಅವರಿಗೆ ಮುದ್ದುಪಳನಿಯ ಹೆಸರು ಸಿಕ್ಕಿತು. ಅಚ್ಚಾದ ಪ್ರತಿಯನ್ನು ಹುಡುಕಿ ತರಿಸಿ ನೋಡಿದರೆ ಅದು ಕತ್ತರಿಸಿದ ಕಾವ್ಯ. ಹಸ್ತಪ್ರತಿ ಸಂಪಾದಿಸಿ, ಹೋಲಿಸಿ, ಬಿಟ್ಟದ್ದನ್ನು ಸೇರಿಸಿ ಇಡೀ ಕಾವ್ಯವನ್ನು ಹೊರತಂದರು. ಇದನ್ನು ಮತ್ತೆ ಮತ್ತೆ ಓದಬೇಕೆನಿಸಿತೆಂದೂ, ರಸ ತುಂಬಿದ ಈ ಕಾವ್ಯವನ್ನು ಬರೆದದ್ದು ಒಬ್ಬ ಹೆಣ್ಣು, ಅದೂ ತಮ್ಮದೇ ಸಮುದಾಯದವಳು ಎಂದೂ ಮುನ್ನುಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡರು.

ವೀರೇಶಲಿಂಗಂ ಅವರಿಗೆ ಅವರು ಕೊಟ್ಟ ಉತ್ತರ ನೇರವಾಗಿತ್ತು. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರ ಇರಬೇಕೋ, ಗಂಡಸರಿಗೆ ಬೇಡವೋ ಎಂದು ಕೇಳಿದರು. ‘ವೈಜಯಂತೀ ವಿಲಾಸಮು’ ಎಂಬ ಇನ್ನೊಂದು ತೆಲುಗು ಕಾವ್ಯವನ್ನು ವೀರೇಶಲಿಂಗಂ ಅವರೇ ಪರಿಷ್ಕರಿಸಿ ಅಚ್ಚಿಗೆ ಯೋಗ್ಯವೆಂದಿದ್ದರು. ಅದರ ಶೃಂಗಾರ ಇದಕ್ಕಿಂತ ಕಡಿಮೆಯದಲ್ಲ ಎಂದು ನಾಗರತ್ನಮ್ಮ ತೋರಿಸಿಕೊಟ್ಟರು. ಅದನ್ನು ಬರೆದವನು ಗಂಡಸು, ಇದನ್ನು ಬರೆದವಳು ಗಣಿಕೆ. ವ್ಯತ್ಯಾಸ ಅಷ್ಟೇ.

ಈ ವಾದದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಒಂದು. ಪುಸ್ತಕದಲ್ಲಿ ಶೃಂಗಾರವೇ ಇಲ್ಲ, ಎಲ್ಲವೂ ಭಕ್ತಿ, ಜೀವಾತ್ಮ ಪರಮಾತ್ಮರ ಸಂಬಂಧ ಎಂದು ನಾಗರತ್ನಮ್ಮ ಜಾರಿಕೊಳ್ಳಲಿಲ್ಲ. ಸುಲಭವಾದ ಆ ದಾರಿ ಅವರ ಮುಂದೆ ತೆರೆದಿತ್ತು. ಅವರು ಕೇಳಿದ್ದು ನ್ಯಾಯ: ಒಂದೇ ಅಳತೆಗೋಲು ಹಿಡಿಯಿರಿ ಎಂದು.

ಸರ್ಕಾರ ಕೇಳಲಿಲ್ಲ. 1911ರಲ್ಲಿ ಪ್ರತಿಗಳು ಪೊಲೀಸರ ವಶವಾದವು. ಪ್ರಕಾಶಕರೂ ಪಂಡಿತರೂ ಮನವಿ ಸಲ್ಲಿಸಿದರು, ಫಲ ಸಿಗಲಿಲ್ಲ. ನಮ್ಮ ದೇಶದ ಕಾವ್ಯಪರಂಪರೆಯ ಗಂಧ ಗಾಳಿ ತಿಳಿಯದ ಅಧಿಕಾರಿಗಳು ನಮ್ಮ ಭಾಷೆಯ ಕಾವ್ಯದ ಹಣೆಬರಹ ಬರೆದರು. ಮುಂದೆ ಇದೇ ಕಾನೂನು ಇಸ್ಮತ್ ಚುಗ್ತಾಯಿಯವರನ್ನೂ ಹಿಡಿಯಲು ಬಂತು. 1942ರಲ್ಲಿ ಪ್ರಕಟವಾದ ಅವರ ‘ಲಿಹಾಫ್’ ಕಥೆಗೆ ಲಾಹೋರಿನಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಕಥೆಯಲ್ಲಿ ಅಶ್ಲೀಲವೆನ್ನುವ ಒಂದು ಪದವನ್ನೂ ತೋರಿಸಲಾಗದೆ ಮೊಕದ್ದಮೆ ಬಿದ್ದುಹೋಯಿತು. ಅಲ್ಲಿಯೂ ಪದಗಳಿಗಿಂತ ಹೆಚ್ಚು ಕೆರಳಿಸಿದ್ದು ಇಂಥದನ್ನು ಮರ್ಯಾದಸ್ಥ ಮನೆಯ ಹೆಣ್ಣು ಬರೆಯಬಹುದೇ ಎಂಬ ಪ್ರಶ್ನೆ. ಗಣಿಕೆ ಬರೆದರೆ ಅವಳು ಗಣಿಕೆ ಎಂದು ದೂರು, ಮನೆವಂತೆ ಬರೆದರೆ ಅವಳು ಮನೆವಂತೆ ಎಂದು ದೂರು. ಹಾಗಾದರೆ ಬರೆಯಬೇಕಾದವರು ಯಾರು?

ಕಲೆಯ ಹಿಂದಿನ ಕತ್ತಲೆ

ಇಲ್ಲಿಗೆ ಮುಗಿಸಿದರೆ ಇದೊಂದು ಸರಳ ಕಥೆಯಾಗುತ್ತದೆ. ಸುಧಾರಕರು ಕೆಟ್ಟವರು, ನಾಗರತ್ನಮ್ಮ ಒಳ್ಳೆಯವರು ಎಂದುಬಿಡಬಹುದು. ಇತಿಹಾಸ ಅಷ್ಟು ಸರಳವಲ್ಲ.

ಮುದ್ದುಪಳನಿಗೆ ಅಕ್ಷರ, ಸಂಗೀತ, ಬಿರುದು, ಆಸ್ತಿ ಸಿಕ್ಕಿದ್ದು ಗಣಿಕೆಯರ ವ್ಯವಸ್ಥೆಯೊಳಗೆ. ಅದೇ ದಖನಿನಲ್ಲಿ ಅವಳ ನಂತರದ ತಲೆಮಾರಿನ ಮಹ್ ಲಖಾ ಬಾಯಿ ಚಂದಾ (1768-1824) ಹೈದರಾಬಾದಿನ ನಿಜಾಮರ ಆಸ್ಥಾನದಲ್ಲಿ ಉರ್ದು ಗಜಲ್ ಬರೆದಳು. 1799ರಲ್ಲಿ ತನ್ನ ದೀವಾನನ್ನು ಇಂಗ್ಲಿಷ್ ಅಧಿಕಾರಿ ಜಾನ್ ಮಾಲ್ಕಂಗೆ ಉಡುಗೊರೆ ಕೊಡುವಷ್ಟು ಅವಳ ಅಂತಸ್ತಿತ್ತು. ಆದರೆ ಒಬ್ಬ ಮುದ್ದುಪಳನಿ, ಒಬ್ಬ ಮಹ್ ಲಖಾ ಬೆಳಕಿಗೆ ಬಂದರೆ, ಹೆಸರೇ ಇಲ್ಲದೆ ದೇವರ ಹೆಸರಲ್ಲಿ, ದೊರೆಯ ಹೆಸರಲ್ಲಿ ಬಳಕೆಯಾಗಿ ಹೋದವರು ಎಷ್ಟು ಮಂದಿ? ಅವರು ಈ ಬದುಕನ್ನು ತಾವಾಗಿ ಆರಿಸಿಕೊಂಡವರಲ್ಲ, ಅದರಲ್ಲೇ ಹುಟ್ಟಿದವರು ಅಥವಾ ಮಕ್ಕಳಾಗಿದ್ದಾಗಲೇ ಒಪ್ಪಿಸಲ್ಪಟ್ಟವರು.

1909ರಲ್ಲಿ ಮೈಸೂರು ಸರ್ಕಾರ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಲು ಮುಂದಾದಾಗ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ಅದನ್ನು ವಿರೋಧಿಸಿ ಮನವಿ ಸಲ್ಲಿಸಿದ್ದರು. ಅದು ನಾಗರತ್ನಮ್ಮ ಹುಟ್ಟಿದ ಊರು. ಅವರ ಪುಸ್ತಕ ಹೊರಬಂದದ್ದು ಅದರ ಮರುವರ್ಷ. ಊರಿನ ದೇವದಾಸಿಯರ ಅನ್ನ, ಭೂಮಿ, ಮಾನ ತೂಗುಯ್ಯಾಲೆಯಲ್ಲಿದ್ದಾಗ ಅವರು ತಮ್ಮ ಸಮುದಾಯದ ಕವಯಿತ್ರಿಯನ್ನು ಲೋಕದ ಮುಂದೆ ನಿಲ್ಲಿಸಿದರು. ನಾವು ಬರೀ ಮೈಯಲ್ಲ, ನಮ್ಮಲ್ಲಿ ವಿದ್ಯೆಯೂ ಇತ್ತು ಎಂಬ ಸಾಕ್ಷ್ಯವಾಗಿ ಆ ಪುಸ್ತಕ ನಮಗೆ ಕಾಣುತ್ತದೆ.

ಆಚೆ ಬದಿಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಇದ್ದರು. ಅವರ ತಾಯಿಯೂ ದೇವದಾಸಿ ಸಮುದಾಯದವರೇ. ಮದರಾಸು ಶಾಸನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯಾಗಿ ಅವರು ಈ ಪದ್ಧತಿಯ ರದ್ದತಿಗೆ ಹೋರಾಡಿದರು. ನಾಗರತ್ನಮ್ಮ ಮತ್ತು ಅವರ ಜೊತೆಗಾರ್ತಿಯರು ಆ ಮಸೂದೆಯನ್ನು ವಿರೋಧಿಸಿದರು. ಒಂದೇ ಸಮುದಾಯದ ನೋವಿನಿಂದ ಬಂದ ಇಬ್ಬರು ಹೆಂಗಸರು ಎದುರು ಬದುರು ನಿಂತರು. ಒಬ್ಬರು ಮುಂದೆ ಯಾವ ಹುಡುಗಿಯೂ ಈ ಬಲೆಗೆ ಬೀಳಬಾರದೆಂದರು, ಇನ್ನೊಬ್ಬರು ಬಲೆಯನ್ನು ಕತ್ತರಿಸುವಾಗ ನಮ್ಮ ಕಲೆಯನ್ನೂ ಗೌರವವನ್ನೂ ಕತ್ತರಿಸಬೇಡಿ ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ವಿಚಿತ್ರವೆಂದರೆ ಎರಡೂ ಫಲಿಸಿದ್ದು 1947ರಲ್ಲಿ. ತಂಗುಟೂರಿ ಪ್ರಕಾಶಂ ಅವರು ಮದರಾಸು ಸರ್ಕಾರದ ಮುಖ್ಯಸ್ಥರಾಗಿದ್ದಾಗ ‘ರಾಧಿಕಾ ಸಾಂತ್ವನಮು’ವಿನ ನಿಷೇಧ ತೆರವಾಯಿತು. ಮದರಾಸಿನಲ್ಲಿ ದೇವದಾಸಿಯರ ಸಮರ್ಪಣೆಯನ್ನು ತಡೆಯುವ ಕಾಯಿದೆಯೂ ಅದೇ ವರ್ಷದ್ದು. ಗಣಿಕೆಯ ಕಾವ್ಯ ಬಿಡುಗಡೆಯಾಯಿತು, ಗಣಿಕೆಯರನ್ನು ಸೃಷ್ಟಿಸುತ್ತಿದ್ದ ಪದ್ಧತಿಗೆ ಬೀಗ ಬಿತ್ತು. ಎರಡೂ ಆಗಬೇಕಾದ್ದೇ ಎಂದು ನಮಗನಿಸುತ್ತದೆ. ಆದರೆ ಬೀಗ ಪೂರ್ತಿ ಬಿದ್ದಿರಲಿಲ್ಲ. ನಮ್ಮ ಕರ್ನಾಟಕ ಸರ್ಕಾರ 1982ರಲ್ಲಿ ಮತ್ತೆ ಇಂಥದೇ ಕಾಯಿದೆ ತರಬೇಕಾಯಿತು. ಉತ್ತರ ಕರ್ನಾಟಕದ ದಲಿತ ಹುಡುಗಿಯರ ಕೊರಳಿನ ಮುತ್ತಿಗೆ ಯಾವ ಕಾವ್ಯವೂ ಸಮಾಧಾನ ಹೇಳಲಾರದು. ಗಣಿಕೆಯರ ಕಲೆಯನ್ನು ಕೊಂಡಾಡುವಾಗ ನಾವು ಇದನ್ನು ಮರೆಯಬಾರದು.

ಓದುಗನ ಹಕ್ಕು

ವಾವಿಳ್ಳ ಸಂಸ್ಥೆ ಕಾವ್ಯವನ್ನು 1952ರಲ್ಲಿ ಮತ್ತೆ ಅಚ್ಚು ಹಾಕಿತು. ಅದೇ ವರ್ಷ ನಾಗರತ್ನಮ್ಮ ತೀರಿಕೊಂಡರು. ತಮ್ಮ ಸಂಪಾದನೆಯನ್ನೆಲ್ಲ ಸುರಿದು ಅವರು ತಿರುವೈಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡಲು ಬಹುಕಾಲ ಅವಕಾಶವಿರಲಿಲ್ಲ. ಆ ಬಾಗಿಲನ್ನೂ ಅವರೇ ತೆರೆಸಿದರು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಅವರು ಭಾರತೀಯ ಮಹಿಳಾ ಸಾಹಿತ್ಯದ ದೊಡ್ಡ ಸಂಕಲನ ತಂದಾಗ ಮುದ್ದುಪಳನಿಯ ಹೆಸರು ತೆಲುಗಿನಾಚೆಗೂ ತಲುಪಿತು. 2011ರಲ್ಲಿ ಇಡೀ ಕಾವ್ಯದ ಇಂಗ್ಲಿಷ್ ಅನುವಾದ ಬಂತು.

ಇಂಥ ಪುಸ್ತಕವನ್ನು ಮನೆಯಲ್ಲಿ ಎಲ್ಲರ ಮುಂದೆ ಓದುತ್ತೀರಾ ಎಂದು ಯಾರಾದರೂ ಕೇಳಬಹುದು. ಓದುವುದಿಲ್ಲ. ಎಲ್ಲ ಪುಸ್ತಕಗಳೂ ಎಲ್ಲ ವಯಸ್ಸಿಗೂ ಎಲ್ಲ ಹೊತ್ತಿಗೂ ಅಲ್ಲ. ಲಜ್ಜೆ ನಮ್ಮ ಪಾಲಿಗೆ ಒಂದು ಮೌಲ್ಯವೇ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಲಜ್ಜೆ ಒಬ್ಬರ ಮೇಲೆ ಹೊರಿಸಿ ಇನ್ನೊಬ್ಬರಿಗೆ ಮಾಫಿ ಮಾಡುವ ಸುಂಕವಾಗಬಾರದು. ಪುಟ ತಿರುವಿ ಮುಂದೆ ಹೋಗುವುದು ಓದುಗನ ಹಕ್ಕು. ಪುಸ್ತಕವನ್ನು ಮುಚ್ಚಿಡುವುದೂ ಅವನ ಹಕ್ಕು. ಯಾರೂ ಆ ಪುಟ ನೋಡದಂತೆ ಹರಿದು ಹಾಕುವುದು ಯಾರ ಹಕ್ಕೂ ಅಲ್ಲ. ಹರಿದ ಪುಟದ ಜೊತೆ ಶೃಂಗಾರ ಮಾತ್ರ ಹೋಗುವುದಿಲ್ಲ, ಒಬ್ಬ ಅಜ್ಜಿಯ ಹೆಸರೂ ಹೋಗುತ್ತದೆ ಎಂಬುದಕ್ಕೆ 1887ರ ಆ ಆವೃತ್ತಿಯೇ ಸಾಕ್ಷಿ.